ಕೊಲ್ಲುವ ಮೊದಲು ಚಿಪ್ಪಿನ ಬಾಯಿ ನೋಡಿ

ಜೂನ್ ಕೊನೆಯ ವಾರ. ಮಧ್ಯಾಹ್ನದಿಂದ ಹೊಯ್ಯುತ್ತಿದ್ದ ಮಳೆ ರಾತ್ರಿ ಎಂಟರ ಹೊತ್ತಿಗೆ ಹೊಳವಾಗಿತ್ತು. ಸೋಮವಾರಪೇಟೆ ಕಡೆಯ ನಮ್ಮ ಸೋದರಮಾವ ಟಾರ್ಚ್ ಹಿಡಿದು ಮುಂದೆ, ಬಕೆಟ್ ಹಿಡಿದು ನಾನು ಹಿಂದೆ. ಹಿತ್ತಿಲ ಕಡೆಯ ಸುಣ್ಣದ ಗೋಡೆಗೆ ಬೆಳಕು ಬಿದ್ದಾಗ ಮೊದಲು ಕಂಡದ್ದು ಹುಳುವಲ್ಲ, ಅದು ಕೆರೆದು ಹೋದ ದಾರಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಮೇಲೇರಿದ ಗೀರುಗಳ ಪಟ್ಟಿ. ಸುಣ್ಣ ಎದ್ದು ಒಳಗಿನ ಗಾರೆ ಕಾಣುತ್ತಿತ್ತು. ಆ ಪಟ್ಟಿಯ ತುದಿಯಲ್ಲಿ ಅಂಗೈಯುದ್ದದ ಕಂದು ಚಿಪ್ಪು ಹೊತ್ತ ಪ್ರಾಣಿಯೊಂದು ಕೊಂಬು ನೀಡಿಕೊಂಡು, ತನ್ನ ಪಾಡಿಗೆ ತಾನು ಗೋಡೆ ತಿನ್ನುತ್ತಿತ್ತು. ಕಿವಿ ಹತ್ತಿರ ಒಯ್ದೆ. ಪಕ್ಕದ ಮನೆಯಲ್ಲಿ ಯಾರೋ ಕೊಬ್ಬರಿ ತುರಿಯುತ್ತಿರುವಂಥ ಸಣ್ಣ ಸದ್ದು.

"ಸುಣ್ಣ ಯಾಕೆ ತಿನ್ನುತ್ತೆ ಮಾವ?"

"ಅದೂ ಮನೆ ಕಟ್ಕೋಬೇಕಲ್ಲಪ್ಪ" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಚಿಪ್ಪು ಬೆಳೆಯಲು ಕ್ಯಾಲ್ಸಿಯಂ ಬೇಕು. ಅದಕ್ಕಾಗಿ ಈ ಹುಳು ಗೋಡೆಯ ಸುಣ್ಣ, ಸಿಮೆಂಟ್ ಗಾರೆ, ಎಲ್ಲೋ ಬಿದ್ದ ಮೂಳೆ, ಸತ್ತುಬಿದ್ದ ಇತರ ಬಸವನಹುಳುಗಳ ಚಿಪ್ಪು, ಎಲ್ಲವನ್ನೂ ಕೆರೆಯುತ್ತದೆ. ಅದರ ನಾಲಿಗೆ ಸಾವಿರಾರು ಸೂಕ್ಷ್ಮ ಹಲ್ಲುಗಳನ್ನು ಸಾಲಾಗಿ ಜೋಡಿಸಿದ ರಿಬ್ಬನ್ನಿನಂತಿದೆ. ಅದು ಕಚ್ಚುವುದಿಲ್ಲ, ಅರ ಹಾಕಿ ಉಜ್ಜಿದ ಹಾಗೆ ಉಜ್ಜುತ್ತದೆ. ಆ ಅರ ಸುಣ್ಣದ ಗೋಡೆಯನ್ನೇ ಬಿಡದಿರುವಾಗ ಪಪ್ಪಾಯಿಯ ಎಳೆ ತೊಗಟೆ, ಬೀನ್ಸ್ ಬಳ್ಳಿಯ ಚಿಗುರು, ನಿನ್ನೆ ನೆಟ್ಟ ಕಾಫಿ ಸಸಿ ಯಾವ ಲೆಕ್ಕ?

ಆ ರಾತ್ರಿ ಒಂದು ಗಂಟೆಯಲ್ಲಿ ಬಕೆಟ್ ಮುಕ್ಕಾಲು ತುಂಬಿತು. ಮೇಲೆ ಗೋಣಿ ಬಿಗಿದು, ಕಲ್ಲು ಹೇರಿ ಮಲಗಿದೆವು. ಬೆಳಿಗ್ಗೆ ಕೆಲಸದವರು ಉಪ್ಪಿನ ನೀರಿನ ಡ್ರಮ್ಮಿಗೆ ಸುರಿಯಲು ಬಂದಾಗ ಮಾವ ತಡೆದರು. ಅಂಗಳದಲ್ಲಿ ಟಾರ್ಪಾಲು ಹಾಸಿ ಬಕೆಟ್ ಬೋರಲು ಹಾಕಿದರು. "ಆರಿಸಿ ಹಾಕೋಣ, ಇದರಲ್ಲಿ ನಮ್ಮವೂ ಇರ್ತಾವೆ" ಎಂದರು. ಎಣಿಸಿದಾಗ ಒಟ್ಟು 73. ಅದರಲ್ಲಿ 61 ಹೊರಗಿನಿಂದ ಬಂದು ಸೇರಿಕೊಂಡವು. ಉಳಿದ 12 ಈ ಮಣ್ಣಿನವೇ. ಟಾರ್ಚ್ ಬೆಳಕಲ್ಲಿ ಅವಸರದಲ್ಲಿ ಹೆಕ್ಕಿದ ನನಗೆ ಎಲ್ಲವೂ ಒಂದೇ ಆಗಿ ಕಂಡಿದ್ದವು. ಆ ಹನ್ನೆರಡರ ಸಲುವಾಗಿಯೇ ಈ ಬರಹ.

ಹೊರಗಿನದ್ದು ಆಫ್ರಿಕಾದ ದೈತ್ಯ ಬಸವನಹುಳು. ವಿಜ್ಞಾನಿಗಳು ಮೊದಲು ಅಕಾಟಿನಾ ಫುಲಿಕಾ ಎನ್ನುತ್ತಿದ್ದರು, ಈಗ ಲಿಸಾಕಟಿನಾ ಫುಲಿಕಾ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ, ರೈತರ ಬಾಯಲ್ಲಿ ಅದು ಶಂಖುಹುಳು, ಶಂಖದ ಹುಳು. ತಲೆಯ ಮೇಲಿನ ಕೊಂಬು ನೋಡಿ ಬಸವನೆಂದು ಕರೆದ ನಮ್ಮ ಹಿರಿಯರ ಕಣ್ಣಿನ ಮುಂದೆ ಇದ್ದದ್ದು ಇದಲ್ಲ. ಇದಕ್ಕೆ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಇಲ್ಲೇ ಇದ್ದ ಸಣ್ಣ, ಚಪ್ಪಟೆ, ನಾಚಿಕೆಯ ಹುಳುಗಳು. ಹೆಸರು ಒಂದೇ ಆಗಿ ಉಳಿದದ್ದರಿಂದ ತೊಂದರೆಯೂ ಆಗಿದೆ. "ಬಸವನಹುಳು ಕಾಟ, ಕಂಡಲ್ಲಿ ಕೊಲ್ಲಿ" ಎಂಬ ಮಾತು ಊರಿನಲ್ಲಿ ಹಬ್ಬಿದರೆ ಎಲ್ಲ ಬಸವನಿಗೂ ಒಂದೇ ಶಿಕ್ಷೆ.

ಗುರುತು ಹಿಡಿಯುವುದು ಹೇಗೆ? ಮೊದಲು ಆಕಾರ. ಚಿಪ್ಪನ್ನು ಕೈಯಲ್ಲಿ ಹಿಡಿದು, ಮೊನೆ ಮೇಲಕ್ಕೆ ಬರುವಂತೆ, ಬಾಯಿ ನಮ್ಮತ್ತ ತಿರುಗುವಂತೆ ಇಟ್ಟುಕೊಳ್ಳಬೇಕು. (ಕೈಗೆ ಗ್ಲೌಸು ಅಥವಾ ಪ್ಲಾಸ್ಟಿಕ್ ಚೀಲ ಇರಲಿ, ಕಾರಣ ಆಮೇಲೆ ಹೇಳುತ್ತೇನೆ.) ದೈತ್ಯ ಬಸವನಹುಳುವಿನ ಚಿಪ್ಪು ಉದ್ದನೆಯ ಗೋಪುರ, ಅಗಲದ ಸುಮಾರು ಎರಡರಷ್ಟು ಉದ್ದ. ಬೆಳೆದ ಹುಳುವಿಗೆ 7ರಿಂದ 9 ಸುತ್ತು. ಮೇಲಿನ ಸುತ್ತುಗಳು ಚಿಕ್ಕವು, ಕೊನೆಯ ಸುತ್ತು ಮಾತ್ರ ಊದಿಕೊಂಡು ಇಡೀ ಚಿಪ್ಪಿನ ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿರುತ್ತದೆ. ಸಾಮಾನ್ಯವಾಗಿ ತೋಟದಲ್ಲಿ ಸಿಗುವವು 5ರಿಂದ 10 ಸೆಂಟಿಮೀಟರ್; 20 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲವು. ಬಣ್ಣ ಕೆಂಪು ಬೆರೆತ ಕಂದು, ಅದರ ಮೇಲೆ ಮೇಲಿಂದ ಕೆಳಕ್ಕೆ ಗಾಢ ಮತ್ತು ತಿಳಿ ಪಟ್ಟೆಗಳು, ಸೌದೆ ಒಲೆಯ ಜ್ವಾಲೆ ಎದ್ದಂತೆ ಅಂಕುಡೊಂಕು. ಆದರೆ ಬಣ್ಣವನ್ನೇ ನಂಬಬಾರದು. ಮುದಿ ಹುಳುವಿನ ಚಿಪ್ಪು ಬಿಸಿಲು ಮಳೆಗೆ ಸವೆದು ಬಿಳಿಚಿಕೊಂಡಿರುತ್ತದೆ.

ಆಕಾರ, ಬಣ್ಣ ಎರಡೂ ಕೈಕೊಟ್ಟಾಗ ಕೈಬಿಡದ ಗುರುತೊಂದಿದೆ. ಚಿಪ್ಪಿನ ಬಾಯಿಯೊಳಗೆ ನೋಡಬೇಕು. ಬಾಯಿಯ ಒಳ ಅಂಚಿನಲ್ಲಿ, ಸುರುಳಿ ಸುತ್ತಿಕೊಂಡ ನಡುಗಂಬ ಮೇಲಿನಿಂದ ಇಳಿದು ಬರುತ್ತದೆ. ಬೇರೆ ಬಹುಪಾಲು ಬಸವನಹುಳುಗಳಲ್ಲಿ ಆ ಕಂಬ ನಯವಾಗಿ ಬಾಗಿ ಬಾಯಂಚಿನ ಜೊತೆ ಸೇರಿಹೋಗುತ್ತದೆ. ಇದರಲ್ಲಿ ಹಾಗಲ್ಲ, ಕತ್ತಿಯಿಂದ ಕಡಿದಂತೆ ಥಟ್ಟನೆ ನಿಂತುಬಿಡುತ್ತದೆ, ಅದರ ಕೆಳಗೆ ಒಂದು ಸಣ್ಣ ಕಚ್ಚು ಉಳಿಯುತ್ತದೆ. ಆ ಕಂಬದ ಬಣ್ಣ ಬಿಳಿ, ಕೆಲವೊಮ್ಮೆ ನೀಲಿ ಛಾಯೆಯ ಬಿಳಿ. ಒಳಗೆ ಹುಳು ಸತ್ತು ಬರಿದಾದ ಚಿಪ್ಪಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮಾವ ತಮ್ಮ ಕಿರುಬೆರಳಿನ ಉಗುರನ್ನು ಆ ಕಚ್ಚಿಗೆ ಸಿಕ್ಕಿಸಿ ತೋರಿಸಿದರು. ಅಲ್ಲಿಂದಾಚೆಗೆ ನಾನೂ ಹಾಗೇ ನೋಡುತ್ತೇನೆ: ಉಗುರು ಸಿಕ್ಕಿಕೊಂಡರೆ ಅನುಮಾನ ಗಟ್ಟಿ. ಇಷ್ಟು ದೊಡ್ಡ, ಗೋಪುರದ ಚಿಪ್ಪು ಮತ್ತು ಈ ಕಚ್ಚು ಎರಡೂ ಒಟ್ಟಿಗೆ ಕಂಡರೆ ನಮ್ಮ ಊರುಗಳಲ್ಲಿ ಅದು ದೈತ್ಯ ಬಸವನಹುಳುವೇ.

ಎರಡನೆಯ ಪರೀಕ್ಷೆ ಮುಚ್ಚಳದ್ದು. ಗದ್ದೆ ಮತ್ತು ಕೆರೆಯ ದಪ್ಪ ಗುಂಡು ಹುಳು, ಅಂದರೆ ಪೈಲಾ ಜಾತಿಯದ್ದು, ಮೈಯನ್ನು ಒಳಗೆಳೆದುಕೊಂಡಾಗ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಕೊಳ್ಳುತ್ತದೆ. ದೈತ್ಯ ಬಸವನಹುಳುವಿಗೆ ಮುಚ್ಚಳವೇ ಇಲ್ಲ. ಬೇಸಿಗೆಯಲ್ಲಿ ಮಾತ್ರ ತನ್ನದೇ ಲೋಳೆಯಿಂದ ಬಿಳಿ ಕಾಗದದಂಥ ತೆಳು ಪೊರೆ ಕಟ್ಟಿಕೊಂಡು, ಕಲ್ಲಿನ ಸಂದಿಯಲ್ಲೋ ಮರದ ಪೊಟರೆಯಲ್ಲೋ ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ. ಬೆರಳು ತಾಗಿದರೆ ಆ ಪೊರೆ ಹರಿಯುತ್ತದೆ. ಮುಚ್ಚಳ ಗಟ್ಟಿಯಾಗಿ ಚಿಪ್ಪಿನಂತಿದ್ದರೆ ಅದನ್ನು ನೀರಿಗೇ ವಾಪಸು ಬಿಡಿ. ಬಾಯ್ಕಳಕ ಕೊಕ್ಕರೆಗಳು ಕೆರೆಯಂಗಳದಲ್ಲಿ ಹುಡುಕಿ ತಿನ್ನುವುದು ಅದನ್ನೇ.

ಮೂರನೆಯದು ಸುತ್ತಿನ ದಿಕ್ಕು. ಮೊನೆ ಮೇಲೆ, ಬಾಯಿ ನಮ್ಮತ್ತ ಇಟ್ಟಾಗ ದೈತ್ಯ ಹುಳುವಿನ ಬಾಯಿ ಬಲಗಡೆಗೆ ಬರುತ್ತದೆ. ಪಶ್ಚಿಮಘಟ್ಟದಲ್ಲಿ ಏರಿಯೋಫಾಂಟಾ ಎಂಬ ಗುಂಪಿನ ಹುಳುಗಳಿವೆ, ಅವುಗಳ ಬಾಯಿ ಎಡಗಡೆಗಿರುತ್ತದೆ. ಬಸವನಹುಳುಗಳ ಲೋಕದಲ್ಲಿ ಅಪರೂಪದ ಲಕ್ಷಣ ಇದು. ಬಾಯಿ ಎಡಕ್ಕಿದ್ದರೆ ಬೇರೇನೂ ನೋಡಬೇಕಿಲ್ಲ, ಬಿಟ್ಟುಬಿಡಿ. ಇಲ್ಲೊಂದು ಮಾತು ಹೇಳಿಬಿಡಬೇಕು. ಪೂಜೆಯ ಬಲಮುರಿ ಶಂಖವನ್ನು ಪ್ರಾಣಿವಿಜ್ಞಾನಿಗಳು ಎಡಸುತ್ತಿನದು ಎನ್ನುತ್ತಾರೆ. ಇಬ್ಬರೂ ನೋಡುವುದು ಅದೇ ಶಂಖವನ್ನು. ಅವರು ಮೊನೆ ಮೇಲಿಟ್ಟು ನೋಡುತ್ತಾರೆ, ನಾವು ಅದನ್ನು ತಲೆಕೆಳಗು ಹಿಡಿಯುತ್ತೇವೆ. ಆದ್ದರಿಂದ ತೋಟದಲ್ಲಿ ಹುಳು ನೋಡುವಾಗ ಶಂಖ ಹಿಡಿಯುವ ಅಭ್ಯಾಸ ಬಿಟ್ಟು, ಮೊನೆಯನ್ನು ಆಕಾಶಕ್ಕೆ ಮಾಡಿಯೇ ನೋಡಬೇಕು.

ಅಂಗಳದ ಟಾರ್ಪಾಲಿಗೆ ಮರಳೋಣ. ಆ ಹನ್ನೆರಡರಲ್ಲಿ 9 ಹುಳುಗಳು ಚಪ್ಪಟೆ ಚಿಪ್ಪಿನವು, ಮೇಲಿಂದ ನೋಡಿದರೆ ಚಕ್ಕುಲಿ ಸುತ್ತಿದಂತೆ. ಇವು ಕ್ರಿಪ್ಟೋಜೋನಾ ಗುಂಪಿನವು, ಬಯಲುಸೀಮೆಯಲ್ಲೂ ಮಳೆಯ ನಂತರ ಬೇಲಿ ಸಾಲಿನಲ್ಲಿ ಕಾಣುತ್ತವೆ. ಸುಳ್ಳು ಹೇಳಬಾರದು, ಇವೂ ಕೆಲವೊಮ್ಮೆ ತರಕಾರಿ ತಿನ್ನುತ್ತವೆ. ಆದರೆ ಇವುಗಳನ್ನು ತಿನ್ನುವ ಜೀವಿಗಳು ಇಲ್ಲಿ ಇವುಗಳ ಜೊತೆಯೇ ಬೆಳೆದುಬಂದಿವೆ, ಹಾಗಾಗಿ ಇಡೀ ತೋಟ ಮುತ್ತುವಷ್ಟು ಹೆಚ್ಚುವುದು ಅಪರೂಪ. ಇನ್ನೆರಡು ಸೈಕ್ಲೋಫೋರಸ್. ದುಂಡನೆ ಬಾಯಿ, ದಪ್ಪ ತುಟಿ, ನೆಲದ ಹುಳುವಾದರೂ ದುಂಡು ಮುಚ್ಚಳ. ಕೊನೆಯದೊಂದು ಟಾರ್ಪಾಲಿನ ಮೂಲೆಗೆ ಉರುಳಿಹೋಗಿ ಅಲ್ಲಿಯೇ ಮೈ ಬಿಟ್ಟಿತು. ತೆಳ್ಳನೆ ಗುಂಡು ಚಿಪ್ಪು, ಅದರಿಂದ ಹೊರಬಂದ ಮೈ ಹವಳದ ಕೆಂಪು. ಚಿಪ್ಪಿನೊಳಗೆ ಅಷ್ಟು ಮೈ ಹೇಗೆ ಹಿಡಿಸಿತ್ತೆಂದು ಆಶ್ಚರ್ಯವಾಗುವಷ್ಟು ದೊಡ್ಡದು. ಇಂಡ್ರೆಲ್ಲಾ ಆಂಪುಲ್ಲಾ ಇದರ ಹೆಸರು. ಪಶ್ಚಿಮಘಟ್ಟ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಇದರ ಕುಲದಲ್ಲಿ ಇದೊಂದೇ ಜಾತಿ. ಅದು ಆ ದಿನ ಬೆಳಿಗ್ಗೆ ಉಪ್ಪಿನ ಡ್ರಮ್ಮಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಇನ್ನೊಂದು ಗೊಂದಲ ಕುಂಡದಲ್ಲಿ ಗಿಡ ಬೆಳೆಸುವವರದ್ದು. ಮಣ್ಣು ಕೆದಕಿದಾಗ ಒಂದು ಸೆಂಟಿಮೀಟರಿನಷ್ಟು ಉದ್ದದ, ದಬ್ಬಣದಂತೆ ಸಪೂರ, ತಿಳಿ ಹಳದಿಯ ಹುಳುಗಳು ಕಾಣುತ್ತವೆ. ದೈತ್ಯನ ಮರಿಗಳೆಂದು ಹೆದರುತ್ತಾರೆ. ಅಲ್ಲ. ದೈತ್ಯನ ಮರಿ ಹುಟ್ಟುವಾಗಲೇ ಗುಂಡಗೆ, ಹೊಟ್ಟೆ ಬಂದಂತಿರುತ್ತದೆ, ಚಿಪ್ಪು ತೆಳ್ಳಗೆ ಅರೆಪಾರದರ್ಶಕ. ನಡುಗಂಬದ ಕಡಿತ ಆಗಲೇ ಇರುತ್ತದೆ, ಆದರೆ ಅದನ್ನು ನೋಡಲು ಭೂತಗನ್ನಡಿ ಬೇಕು.

ಈ ಹುಳುವಿನ ತವರು ಪೂರ್ವ ಆಫ್ರಿಕಾದ ಕರಾವಳಿ, ಈಗಿನ ಕೀನ್ಯಾ ಮತ್ತು ತಾಂಜಾನಿಯಾ. ತನ್ನಷ್ಟಕ್ಕೆ ಬಿಟ್ಟರೆ ಒಂದು ರಾತ್ರಿಯಲ್ಲಿ ಕೆಲವು ಮೀಟರ್ ಸಾಗುವ ಪ್ರಾಣಿ ಅದು. ಸಮುದ್ರ ದಾಟಿಸಿದ್ದು ಮನುಷ್ಯ. ಮಡಗಾಸ್ಕರ್, ಮಾರಿಷಸ್ ದ್ವೀಪಗಳಿಗೆ ಮೊದಲು ಹೋಯಿತು. ಅಲ್ಲಿಂದ 1847ರಲ್ಲಿ ವಿಲಿಯಂ ಹೆನ್ರಿ ಬೆನ್ಸನ್ ಎಂಬ ಬಂಗಾಳದ ಬ್ರಿಟಿಷ್ ಅಧಿಕಾರಿ ಅದನ್ನು ಕಲ್ಕತ್ತೆಗೆ ತಂದರು. ಅವರು ಚಿಪ್ಪುಪ್ರಾಣಿಗಳ ಅಧ್ಯಯನದಲ್ಲಿ ಹೆಸರು ಮಾಡಿದವರು, ಭಾರತದ ಎಷ್ಟೋ ಬಸವನಹುಳುಗಳಿಗೆ ಮೊದಲ ವೈಜ್ಞಾನಿಕ ಹೆಸರು ಕೊಟ್ಟವರು. ತಂದ ಹುಳುಗಳು ಚೌರಂಗಿಯ ಒಂದು ತೋಟ ಸೇರಿದವು. ನನ್ನನ್ನು ಕಾಡುವುದು ಇದೇ. ಬಸವನಹುಳುಗಳ ಬಗ್ಗೆ ಆಗ ಈ ದೇಶದಲ್ಲಿ ಯಾರಿಗೂ ಇಲ್ಲದಷ್ಟು ತಿಳಿವಳಿಕೆ ಇದ್ದವರ ಕೈಯಿಂದಲೇ ಅದು ಒಳಗೆ ಬಂತು. ಹುಳುವಿನ ಹೆಸರು, ಸುತ್ತು, ಬಣ್ಣ ಎಲ್ಲ ಅವರಿಗೆ ಗೊತ್ತಿತ್ತು. ಹೊಸ ನೆಲದಲ್ಲಿ ಅದು ಏನು ಮಾಡೀತು ಎಂಬುದೊಂದು ಆ ಕಾಲದ ಯಾರಿಗೂ ಹೊಳೆದಿರಲಿಲ್ಲ.

1900ರ ಹೊತ್ತಿಗೆ ಸಿಂಹಳದಲ್ಲಿತ್ತು. 1930ರ ದಶಕದಲ್ಲಿ ಜಪಾನೀಯರು ಆಹಾರಕ್ಕೆಂದು ತೈವಾನಿಗೆ ಒಯ್ದರು; ಎರಡನೇ ಮಹಾಯುದ್ಧದ ಸಮಯದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹಬ್ಬಿತು. ಆಲ್ಬರ್ಟ್ ಮೀಡ್ ಎಂಬ ಅಮೆರಿಕದ ವಿಜ್ಞಾನಿ 1961ರಲ್ಲಿ ಈ ಒಂದು ಹುಳುವಿನ ಮೇಲೆಯೇ ಇಡೀ ಪುಸ್ತಕ ಬರೆದರು. ಇವತ್ತು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ನೂರು ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು. ಐನೂರಕ್ಕೂ ಹೆಚ್ಚು ಬಗೆಯ ಗಿಡ ತಿನ್ನುತ್ತದೆ. ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ಬೆಳೆಗಾರರಿಗೆ ಇದನ್ನು ಪಟ್ಟಿ ನೋಡಿ ತಿಳಿಯಬೇಕಿಲ್ಲ. ಕಾಫಿಯ ಎಳೆ ತೊಗಟೆ, ಎಲೆ, ಕಾಯಿ, ಮೆಣಸಿನ ಬಳ್ಳಿಯ ಚಿಗುರು, ಬಾಳೆಯ ಸುಳಿ, ಎಲ್ಲವೂ ಅವರ ಕಣ್ಣೆದುರೇ ಹೋಗಿವೆ.

ಇಷ್ಟು ಬೇಗ ಹೇಗೆ ಹೆಚ್ಚುತ್ತದೆ? ಪ್ರತಿಯೊಂದು ಹುಳುವಿನಲ್ಲೂ ಗಂಡು ಹೆಣ್ಣು ಎರಡೂ ಅಂಗಗಳಿವೆ. ಸಾಮಾನ್ಯವಾಗಿ ಎರಡು ಹುಳು ಕೂಡಬೇಕು, ಆದರೆ ಕೂಡಿದ ಮೇಲೆ ಎರಡೂ ಮೊಟ್ಟೆ ಇಡಬಲ್ಲವು. ಅಷ್ಟೇ ಅಲ್ಲ, ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಮೈಯೊಳಗೆ ಕಾಪಿಟ್ಟುಕೊಳ್ಳುತ್ತವೆ. ಅಂದರೆ ಒಮ್ಮೆ ಕೂಡಿದ ಒಂದೇ ಒಂದು ಹುಳು ಗೊಬ್ಬರದ ಮೂಟೆಯೊಳಗೆ ಬೇರೆ ಊರು ಸೇರಿದರೂ ಅಲ್ಲೊಂದು ಹೊಸ ಸಂತಾನ ಶುರು. ಹುಟ್ಟಿ ಆರು ತಿಂಗಳ ಹೊತ್ತಿಗೆ ಪ್ರಾಯಕ್ಕೆ ಬರುತ್ತದೆ. ಒಂದು ಸಲಕ್ಕೆ ನೂರರಿಂದ ಐನೂರರವರೆಗೆ ಮೊಟ್ಟೆ, ವರ್ಷಕ್ಕೆ ಹಲವು ಸಲ. ಬದುಕುವುದು ಐದಾರು ವರ್ಷ.

ಮೊಟ್ಟೆಯ ಗುರುತು ಹುಳುವಿನ ಗುರುತಿಗಿಂತ ಮುಖ್ಯ ಎಂದು ನಾನು ನಂಬಿದ್ದೇನೆ. ಸಾಬುದಾನಿ ನೆನೆಸಿಟ್ಟರೆ ಕಾಣುತ್ತದಲ್ಲ, ಗಾತ್ರ ಹಾಗೆಯೇ, 4ರಿಂದ 5 ಮಿಲಿಮೀಟರ್. ಬಣ್ಣ ಮಾತ್ರ ಕೆನೆ ಹಳದಿ, ಪಾರದರ್ಶಕವಲ್ಲ. ಸಡಿಲ ಮಣ್ಣಿನಲ್ಲಿ ಒಂದೆರಡು ಇಂಚು ಆಳದಲ್ಲಿ, ಎಲೆಗೊಬ್ಬರದ ರಾಶಿಯಲ್ಲಿ, ಕುಂಡದ ಅಡಿಯಲ್ಲಿ, ಕೊಳೆತ ಬಾಳೆದಿಂಡಿನ ಕೆಳಗೆ ಮುದ್ದೆಯಾಗಿ ಇರುತ್ತವೆ. ಹಲ್ಲಿ ಮೊಟ್ಟೆಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬಾರದು. ಮನೆಹಲ್ಲಿ ಇಡುವುದು ಎರಡೇ ಮೊಟ್ಟೆ, ಇದಕ್ಕಿಂತ ದೊಡ್ಡವು, ಗೋಡೆ ಸಂದಿಯಲ್ಲಿ ಒಣ ಜಾಗದಲ್ಲಿರುತ್ತವೆ. ನೂರು ಹುಳು ಹೆಕ್ಕಲು ಒಂದು ರಾತ್ರಿ ಬೇಕು. ಇನ್ನೂರು ಮೊಟ್ಟೆಯ ಒಂದು ಮುದ್ದೆ ಎತ್ತಲು ಒಂದು ಬೊಗಸೆ ಸಾಕು.

ಗುರುತಿಸುವುದು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ದೊಡ್ಡ ಪಾಠ. 1966ರಲ್ಲಿ ಒಬ್ಬ ಹುಡುಗ ಹವಾಯಿ ಪ್ರವಾಸದಿಂದ ಮರಳುವಾಗ ಮೂರು ಹುಳು ಮಯಾಮಿಗೆ ತಂದ. ಅವನ ಅಜ್ಜಿ ಅವನ್ನು ಮನೆಯ ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ 18,000ಕ್ಕೂ ಹೆಚ್ಚು ಹುಳುಗಳನ್ನು ಹಿಡಿಯಬೇಕಾಯಿತು. ಹತ್ತು ಲಕ್ಷ ಡಾಲರ್ ವ್ಯಯಿಸಿದ ಮೇಲೆ 1975ರಲ್ಲಿ ನಿರ್ಮೂಲವಾಯಿತು. 2011ರಲ್ಲಿ ಅದೇ ಮಯಾಮಿಯಲ್ಲಿ ಮತ್ತೆ ಕಂಡಿತು. ಈ ಸಲ ವಾಸನೆ ಹಿಡಿದು ಹುಳು ಪತ್ತೆ ಮಾಡುವ ಲ್ಯಾಬ್ರಡಾರ್ ನಾಯಿಗಳನ್ನೂ ತರಬೇತಿ ಕೊಟ್ಟು ಇಳಿಸಿದರು. ಒಂದು ಲಕ್ಷದ ಅರವತ್ತು ಸಾವಿರಕ್ಕೂ ಹೆಚ್ಚು ಹುಳುಗಳನ್ನು ಹಿಡಿದು, 2021ರಲ್ಲಿ ಗೆದ್ದೆವೆಂದು ಘೋಷಿಸಿದರು. ಮರುವರ್ಷವೇ ಅದೇ ರಾಜ್ಯದ ಪಾಸ್ಕೊ ಕೌಂಟಿಯಲ್ಲಿ ಮತ್ತೆ ಸಿಕ್ಕಿತು. ಅಲ್ಲಿನವುಗಳ ಮೈ ಬೂದುಗಂದು ಅಲ್ಲ, ಕೆನೆಬಿಳಿ. ಸಾಕುಪ್ರಾಣಿಯಾಗಿ ಮಾರಲು ಬೆಳೆಸುವವರು ಇಷ್ಟಪಡುವ ಬಣ್ಣ ಅದು. ಮೈಬಣ್ಣ ನೋಡಿ ಗುರುತಿಸುವುದಾಗಿದ್ದರೆ ಅಲ್ಲಿ ದಾರಿ ತಪ್ಪುತ್ತಿತ್ತು.

ಈಗ ಗ್ಲೌಸಿನ ವಿಷಯ. ಇಲಿಯ ಶ್ವಾಸಕೋಶದಲ್ಲಿ ವಾಸಿಸುವ ಒಂದು ಸಣ್ಣ ಜಂತುಹುಳು ಇದೆ. 1935ರಲ್ಲಿ ಚೀನಾದ ಕ್ಯಾಂಟನ್ ನಗರದ ಇಲಿಗಳಲ್ಲಿ ಗುರುತಿಸಿದ್ದರಿಂದ ಆ ಊರಿನ ಹೆಸರೇ ಅದಕ್ಕೆ ಸೇರಿಕೊಂಡಿದೆ. ಇಲಿಯ ಹಿಕ್ಕೆಯಲ್ಲಿ ಅದರ ಮರಿಗಳು ಹೊರಬರುತ್ತವೆ, ಹಿಕ್ಕೆ ನೆಕ್ಕಿದ ಬಸವನಹುಳುವಿನೊಳಗೆ ಬೆಳೆಯುತ್ತವೆ, ಆ ಬಸವನಹುಳುವನ್ನು ತಿಂದ ಇಲಿಗೆ ಮರಳುತ್ತವೆ. ನಡುವೆ ಮನುಷ್ಯ ಸಿಕ್ಕಿಕೊಂಡರೆ ಅವು ಮೆದುಳಿನತ್ತ ಹೋಗುತ್ತವೆ. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಜ್ವರ. ಮೆದುಳಿನ ಪೊರೆಯ ಉರಿಯೂತ. ಕೇರಳದಲ್ಲಿ ಮಕ್ಕಳಿಗೂ ಹೀಗಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಹುಳುವನ್ನು ಮುಟ್ಟಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ, ಮುಟ್ಟಿದ ಕೈ ಬಾಯಿಗೆ ಹೋದರೆ ಬರಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಕೊತ್ತಂಬರಿ, ಸೌತೆಕಾಯಿಯ ಮೇಲೆ ಲೋಳೆಯ ಹೊಳಪು ಇದ್ದರೆ ಹರಿವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯಬೇಕು. ಮಕ್ಕಳ ಕೈಗೆ ಆಡಲು ಹುಳು ಕೊಡಲೇಬಾರದು. ನೋಡಲು ಚೆಂದವೇ, ಅದಕ್ಕೇ ಮಕ್ಕಳು ಕೈ ಚಾಚುತ್ತಾರೆ.

ಹಿಡಿಯುವ ವಿಧಾನದಲ್ಲಿ ಹೊಸತೇನಿಲ್ಲ. ಸಂಜೆ ನೆಲಕ್ಕೆ ಗೋಣಿತಾಟು ಹಾಸಿ ನೀರು ಚಿಮುಕಿಸಿ, ಅದರ ಮೇಲೆ ಪಪ್ಪಾಯಿ ಎಲೆ, ಕೋಸಿನ ಹೊರಎಲೆ ಹರಡಿದರೆ ಸುತ್ತಲಿನವು ಅಲ್ಲಿಗೆ ಬಂದು ಸೇರುತ್ತವೆ. ಬೆಳಿಗ್ಗೆ ಬಿಸಿಲು ಏರುವ ಮೊದಲು ಗೋಣಿ ಮಡಚಿದರೆ ಆಯಿತು. ಆರಿಸಿ, ದೈತ್ಯ ಹುಳುಗಳನ್ನಷ್ಟೇ ಗಾಢ ಉಪ್ಪುನೀರಿಗೆ ಹಾಕಿ, ಸತ್ತ ಮೇಲೆ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಉಪ್ಪನ್ನು ತೋಟದ ಮಣ್ಣಿಗೇ ಎರಚುವವರಿದ್ದಾರೆ. ಹುಳು ಸಾಯುತ್ತದೆ, ಜೊತೆಗೆ ಮಣ್ಣೂ ಕೆಡುತ್ತದೆ, ಎರೆಹುಳು ಮೊದಲು ಸಾಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಮನೆಗಳಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ತಾಮ್ರ ಬಸವನಹುಳುವಿನ ಲೋಳೆಮೈಗೆ ಆಗಿಬರದು, ಅದರ ಲೇಪ ಬಳಿದ ಕಾಂಡ ಹತ್ತಲು ಹಿಂಜರಿಯುತ್ತದೆ. ಹೊಗೆಸೊಪ್ಪಿನ ಕಷಾಯಕ್ಕೆ ಮೈಲುತುತ್ತ ಬೆರೆಸಿ ಸಿಂಪಡಿಸುವ ಕ್ರಮವನ್ನು ಕೇರಳದ ಅರಣ್ಯ ಸಂಶೋಧನಾ ಸಂಸ್ಥೆಯವರು ಹೇಳಿದ್ದಾರೆ. ಪ್ರಮಾಣವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಂಡೇ ಮಾಡಬೇಕು.

ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕೆಲಸ ಮಾಡುತ್ತದೆ, ನಿಜ. ಆದರೆ ಅದನ್ನು ನಾಯಿ ತಿಂದರೆ ನಡುಕ ಹತ್ತಿ ನರಳಿ ಸಾಯುತ್ತದೆ. ಬ್ರಿಟನ್ನಿನಲ್ಲಿ 2022ರಿಂದ ಹೊರಾಂಗಣ ಬಳಕೆಯನ್ನೇ ನಿಷೇಧಿಸಿದ್ದಾರೆ. ಮೇಲಾಗಿ ಆ ಗುಳಿಗೆಗೆ ಉಗುರು ಸಿಕ್ಕಿಸಿ ನೋಡಲು ಬರುವುದಿಲ್ಲ. ದೈತ್ಯನನ್ನೂ ಕೆಂಪುಮೈಯ ಇಂಡ್ರೆಲ್ಲಾವನ್ನೂ ಅದು ಒಂದೇ ಸಮ ಕೊಲ್ಲುತ್ತದೆ. ಮುಂಗಾರಿಗೆ ಮುಂಚೆ ಮಲೆನಾಡಿನ ಮರಗಳಲ್ಲಿ ಮಿಂಚುಹುಳುಗಳು ಒಟ್ಟಿಗೆ ಹೊತ್ತಿ ಆರುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ. ಮಿಂಚುಹುಳುಗಳಲ್ಲಿ ಅನೇಕವು ಮರಿಯಾಗಿದ್ದಾಗ ನೆಲದ ಮೇಲೆ ತೆವಳುತ್ತ ಬಸವನಹುಳು ತಿಂದೇ ಬೆಳೆಯುತ್ತವೆ. ಸಣ್ಣ ದೇಸಿ ಹುಳುಗಳು ಹೋದರೆ ಆ ಬೆಳಕಿನ ಬುಡಕ್ಕೇ ಕೈ ಹಾಕಿದಂತೆ. ಕೆಂಬೂತ ದೈತ್ಯ ಹುಳುವನ್ನೂ ಒಡೆದು ತಿನ್ನುತ್ತದೆ. ತೋಟದ ಬೇಲಿಯಲ್ಲಿ ಅದಕ್ಕೆ ಗೂಡು ಕಟ್ಟಲು ಪೊದೆ ಉಳಿಸುವುದು ಒಂದು ರೂಪಾಯಿ ಖರ್ಚಿಲ್ಲದ ಕೆಲಸ.

ಒಂದು ಹುಳುವನ್ನು ತಿನ್ನಲು ಇನ್ನೊಂದನ್ನು ತಂದುಬಿಟ್ಟರೆ? ಹಾಗೆ ಯೋಚಿಸಿದವರೂ ಇದ್ದರು. ಬೇರೆ ಬಸವನಹುಳುಗಳನ್ನು ಬೆನ್ನಟ್ಟಿ ತಿನ್ನುವ ಗುಲಾಬಿ ಬಣ್ಣದ ಒಂದು ಬಸವನಹುಳುವನ್ನು ಫ್ಲಾರಿಡಾದಿಂದ 1955ರಲ್ಲಿ ಹವಾಯಿಗೆ, 1977ರಲ್ಲಿ ತಾಹಿತಿಯ ನೆರೆಯ ಮೂರಿಯಾ ದ್ವೀಪಕ್ಕೆ ತಂದುಬಿಟ್ಟರು. ಅದಕ್ಕೆ ಗಟ್ಟಿ ಚಿಪ್ಪಿನ ದೈತ್ಯನಿಗಿಂತ ಮರದ ಮೇಲಿನ ಸಣ್ಣ ಸ್ಥಳೀಯ ಹುಳುಗಳು ರುಚಿಸಿದವು. ಹತ್ತು ವರ್ಷದಲ್ಲಿ ಪಾರ್ಟುಲಾ ಎಂಬ ಆ ಮರಹುಳುಗಳ ಮೂರಿಯಾದ ಏಳೂ ಜಾತಿಗಳು ಕಾಡಿನಿಂದ ಬಹುತೇಕ ಅಳಿದವು. ದ್ವೀಪದ ಜನ ಹಾರ ಪೋಣಿಸುತ್ತಿದ್ದ ಚಿಪ್ಪುಗಳವು. ವಿಜ್ಞಾನಿಗಳು ಸಕಾಲಕ್ಕೆ ಹಿಡಿದು ಮೃಗಾಲಯಗಳಲ್ಲಿ ಸಾಕಿದ್ದರಿಂದ ಕೆಲವು ಉಳಿದವು, ಈಗ ನಿಧಾನಕ್ಕೆ ಮರಳಿ ಕಾಡಿಗೆ ಬಿಡುತ್ತಿದ್ದಾರೆ. ಹವಾಯಿಯಲ್ಲಿ ಒಂದು ಜಾತಿಯ ಕೊನೆಯ ಹುಳುವಿಗೆ ಜಾರ್ಜ್ ಎಂದು ಹೆಸರಿಟ್ಟು ಪ್ರಯೋಗಾಲಯದಲ್ಲಿ ಸಾಕಿದ್ದರು. ಜೊತೆಗಾರನಿಲ್ಲದೆ ಬದುಕಿ 2019ರ ಜನವರಿ 1ರಂದು ಅದು ಸತ್ತಿತು. ಮಾರಿಹುಳುವನ್ನು ಕೊಲ್ಲಲು ಹೊರಟವರು ಯಾವುದನ್ನು ಕೊಲ್ಲಬಾರದೆಂದು ಮೊದಲು ಪಟ್ಟಿ ಮಾಡಲಿಲ್ಲ. ಟಾರ್ಪಾಲಿನ ಮೇಲೆ ಬಕೆಟ್ ಬೋರಲು ಹಾಕಿದ ನನ್ನ ಮಾವನಿಗೆ ಈ ಕಥೆ ಗೊತ್ತಿರಲಿಲ್ಲ, ನಾನೇ ಹೇಳಿದೆ. ಸುಮ್ಮನೆ ಕೇಳಿ, "ಹಾಗಾದ್ರೆ ಇದನ್ನ ಎಲ್ಲಿ ಬಿಡೋದು?" ಎಂದರು, ಕೆಂಪು ಹುಳುವನ್ನು ಎಲೆಯ ಮೇಲೆ ಹತ್ತಿಸಿಕೊಳ್ಳುತ್ತ.

ತೋಟದ ಮೇಲಿನ ಅಂಚಿನಲ್ಲಿ, ಹಾಲುವಾಣ ಮರದ ಬುಡದ ತರಗೆಲೆಯಲ್ಲಿ ಬಿಟ್ಟೆವು. ಉಳಿದ ಹನ್ನೊಂದನ್ನೂ ಅಲ್ಲಲ್ಲೇ ಹಂಚಿದೆವು. ಕೆಂಪು ಹುಳು ಬಹಳ ಹೊತ್ತು ಚಿಪ್ಪಿನೊಳಗೇ ಇತ್ತು. ನಾವು ಕಾಲು ಮಡಚಿ ಕೂತು ಕಾದೆವು. ಮೊದಲು ಎರಡು ಕೊಂಬಿನ ತುದಿ ಕಂಡಿತು, ಆಮೇಲೆ ಆ ಹವಳದ ಮೈ.

ಕಳೆದ ವಾರ ಮಾವ ಫೋನು ಮಾಡಿದ್ದರು. ನರ್ಸರಿಯಿಂದ ಮೆಣಸಿನ ಬಳ್ಳಿಯ ಇನ್ನೂರು ಪಾಲಿಥೀನ್ ಚೀಲ ತರಿಸಿದ್ದರಂತೆ. ಗೇಟಿನ ಹತ್ತಿರವೇ ಲಾರಿಯಿಂದ ಇಳಿಸಿ, ಒಂದೊಂದು ಚೀಲವನ್ನೂ ಮಗುಚಿ ತಳ ನೋಡಿ, ಮೇಲ್ಮಣ್ಣು ಬೆರಳಿಂದ ಕೆದಕಿದರಂತೆ. ನೂರಾ ನಲವತ್ತರ ಆಸುಪಾಸಿನ ಒಂದು ಚೀಲದಲ್ಲಿ ಬೇರಿನ ನಡುವೆ ನೆನೆಸಿದ ಸಾಬುದಾನಿಯಂಥ ಮುದ್ದೆ ಸಿಕ್ಕಿತು ಎಂದರು. ಆ ಚೀಲವನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. ಉಳಿದ ಅರವತ್ತನ್ನು ಕತ್ತಲಾಗುವವರೆಗೆ ಕೂತು ನೋಡಿ ಮುಗಿಸಿದರಂತೆ.